ಮೊಘಲ್ ಭಾವಚಿತ್ರದಲ್ಲಿ ಎಡಗೈ ಮೇಲೆ ಕೂತ ಹಕ್ಕಿ: ಬಹರಿಯೋ, ಬಾಜೋ?

ಪಟದ ಹುಡುಕಾಟ
ಒಂದು ಬಿಡಿ ಹಾಳೆಯ ಅಡಿಬರಹ ತಿದ್ದಬೇಕಾಗಿದೆ, ತಿಳಿದವರು ಹೇಳಿ. ನಿಂತ ಭಂಗಿಯ ಸರದಾರ, ಪಕ್ಕನೋಟದ ಮುಖ, ಹಿಂದೆ ಬರೀ ಹಸಿರು. ಕೈಗವಸು ತೊಟ್ಟ ಎಡಗೈ ಮೇಲೆ ಬೇಟೆಹಕ್ಕಿ. ಈಗಿರೋ ಅಡಿಬರಹ: “ಬಹರಿ ಹಿಡಿದ ರಜಪೂತ ಸರದಾರ, ಜಹಾಂಗೀರನ ಕಾಲ”. ರಜಪೂತ ಅಂದಿರೋದು ಜಾಮಾದ (ಮೇಲಂಗಿಯ) ಲಾಡಿಯನ್ನು ಎಡಕಂಕುಳ ಕೆಳಗೆ ಕಟ್ಟಿದೆ ಅನ್ನೋ ಕಾರಣಕ್ಕೆ. ಬಹರಿ (ಪೆರೆಗ್ರಿನ್ ಫಾಲ್ಕನ್) ಅಂದಿರೋದು ಹಕ್ಕಿಯ ಕಣ್ಣಿನ ಹತ್ತಿರ ಕಪ್ಪು ಪಟ್ಟೆ ಇದೆ ಅಂತ.

ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಹಕ್ಕಿಯ ಕಣ್ಣು ಹಳದಿ. ಎದೆ ಮೇಲೆ ಮೇಲಿಂದ ಕೆಳಕ್ಕೆ ಇಳಿಯುವ ಕಂದು ಗೀಟುಗಳು. ಬಾಲ ಉದ್ದ, ಅದರಲ್ಲಿ ಅಗಲವಾದ ಅಡ್ಡಪಟ್ಟೆ ನಾಲ್ಕೈದು. ಕೊರಳಲ್ಲಿ ಒಂದು ದಾರ. ಅದೂ ಅಲ್ಲದೆ ಮೊಘಲರು ಹಕ್ಕಿಯನ್ನು ಬಲಗೈ ಮೇಲೆ ಕೂರಿಸುತ್ತಿದ್ದರು ಅಂತ ಓದಿದ್ದೇನೆ. ಇಲ್ಲಿ ಎಡಗೈ ಯಾಕೆ? ಚಿತ್ರ ಇಲ್ಲಿ ಹಾಕೋಕೆ ಅನುಮತಿ ಇಲ್ಲ, ಕೇಳಿದ ವಿವರ ಕೊಡ್ತೀನಿ.

ಗರಿಎಣಿಕೆ
ಹಳದಿ ಕಣ್ಣು ನಿಜವಾದರೆ ಬಹರಿ ಅಲ್ಲವೇ ಅಲ್ಲ. ಬಹರಿ, ಶಾಹೀನ್, ಚರ್ಗ್, ಲಗ್ಗರ್, ಶುಂಕಾರ್ ಇವೆಲ್ಲ ಕಪ್ಪುಗಣ್ಣಿನ ಕುಲ. ಕಣ್ಣಿನ ಸುತ್ತ ಚರ್ಮದ ಹಳದಿ ಬಳೆ ಇರುತ್ತೆ, ಗುಡ್ಡೆ ಮಾತ್ರ ಕಡುಕಂದು. ಬಾಜ್ (ಗೋಶಾಕ್), ಬಾಶಾ, ಶಿಕ್ರಾ, ಬೆಸ್ರಾ ಹಳದಿಗಣ್ಣಿನ ಕುಲ. ಚಿತ್ರ ಸಣ್ಣದಿದ್ದಾಗ ಆ ಹಳದಿ ಬಳೆಯನ್ನೇ ಕಣ್ಣು ಅಂದುಕೊಳ್ಳೋ ತಪ್ಪು ಬಹಳ ಆಗುತ್ತೆ, ಅದಕ್ಕೇ ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿ.

ಕಣ್ಣೊಂದನ್ನೇ ನಂಬಬೇಡಿ. ಮಡಚಿದ ರೆಕ್ಕೆಯ ತುದಿ ಬಾಲದ ತುದಿಯ ಹತ್ತಿರ ಬಂದಿದ್ದರೆ ಬಹರಿ; ಬಾಲದ ಅರ್ಧಕ್ಕೇ ನಿಂತಿದ್ದರೆ ಬಾಜ್ ಕುಲ. ಮೇಲ್ಕೊಕ್ಕಿನ ಅಂಚಲ್ಲಿ ಹಲ್ಲಿನಂಥ ಚೂಪು ಇದ್ದರೆ, ಮೂಗಿನ ಹೊಳ್ಳೆ ಗುಂಡಗಿದ್ದು ನಡುವೆ ಚಿಕ್ಕ ಗುಬುಟು ಇದ್ದರೆ ಬಹರಿ ಕುಲ. ಬಾಜ್‌ಗೆ ಆ ಹಲ್ಲಿಲ್ಲ, ಹೊಳ್ಳೆ ಮೊಟ್ಟೆಯಾಕಾರ. ಒಳ್ಳೆ ಮೊಘಲ್ ಕೈಯಾದರೆ ಹೊಳ್ಳೆಯನ್ನೂ ಬಿಟ್ಟಿರೋದಿಲ್ಲ.

ಆ ಕಪ್ಪು ಪಟ್ಟೆ ಕಣ್ಣಿನ ಮೇಲಿದೆಯೋ ಕೆಳಗಿದೆಯೋ?

ಪಟದ ಹುಡುಕಾಟ
ಮೇಲೆ. ಕೊಕ್ಕಿನ ಬುಡದಿಂದ ಹಿಂದಕ್ಕೆ ಹೋಗಿದೆ, ಹುಬ್ಬಿನ ಹಾಗೆ. ರೆಕ್ಕೆ ಅರ್ಧ ಬಾಲಕ್ಕೆ ನಿಂತಿದೆ. ಗುಡ್ಡೆಯೇ ಹಳದಿ, ನಡುವೆ ಕಪ್ಪು ಚುಕ್ಕಿ. ಕೊಕ್ಕಲ್ಲಿ ಹಲ್ಲು ಕಾಣ್ತಿಲ್ಲ.

ಗರಿಎಣಿಕೆ
ಹಾಗಾದರೆ ಬಾಜ್. ಬಹರಿಯ ಮೀಸೆಪಟ್ಟೆ ಕಣ್ಣಿನಿಂದ ಕೆನ್ನೆಗೆ ಇಳಿಯುತ್ತೆ. ಹುಬ್ಬಿನ ಜಾಗದಲ್ಲಿ ಪಟ್ಟೆ ಇರೋದು ಬಾಜ್‌ಗೆ. ಆದರೆ ಅದು ಬಿಳಿಯಾಗಿರಬೇಕಿತ್ತು. ಕಪ್ಪು ಹುಬ್ಬಿನ ಬಾಜ್ ಲೋಕದಲ್ಲಿಲ್ಲ. ಚಿತ್ರಕಾರ ಇಷ್ಟೆಲ್ಲ ಸರಿ ಬರೆದು ಅದೊಂದನ್ನು ತಪ್ಪು ಮಾಡಿದನೇ?

ಕಾಗದ ಸಂರಕ್ಷಣೆ
ಅವನು ತಪ್ಪು ಮಾಡಿಲ್ಲ. ಬಿಳಿಯನ್ನೇ ಬರೆದಿದ್ದ, ಅದು ಆಮೇಲೆ ಕಪ್ಪಾಗಿದೆ.

ಸಫೇದಾ ಅಂದರೆ ಸೀಸದ ಬಿಳಿ. ಗಾಳಿಯಲ್ಲಿರೋ ಗಂಧಕದ ಅನಿಲ ತಗುಲಿದರೆ ಸೀಸದ ಸಲ್ಫೈಡ್ ಆಗಿ ಕಂದು, ಬೂದು, ಕಡೆಗೆ ಕಪ್ಪು. ತೆಳುವಾಗಿ ಎಳೆದ ಗೆರೆಗಳು ಮೊದಲು ಹೋಗ್ತವೆ, ಯಾಕಂದರೆ ಅಲ್ಲಿ ಗೋಂದಿನ ರಕ್ಷಣೆ ಕಡಿಮೆ. ಹಕ್ಕಿಯ ಹುಬ್ಬು, ಮುತ್ತಿನ ಸರ, ಮಸ್ಲಿನ್ ಬಟ್ಟೆಯ ಅಂಚು ಇವೇ ಮೊದಲ ಬಲಿ. ಪರೀಕ್ಷೆ ಸುಲಭ: ದೀಪವನ್ನು ಹಾಳೆಯ ಮಟ್ಟಕ್ಕೆ ತಗ್ಗಿಸಿ ಓರೆಯಾಗಿ ಬೆಳಕು ಬಿಡಿ. ಕಾಡಿಗೆಯ ಕಪ್ಪು ಮಂಕಾಗಿ, ಚಪ್ಪಟೆಯಾಗಿ ಕಾಣುತ್ತೆ. ಕಪ್ಪಾದ ಸಫೇದಾ ಸ್ವಲ್ಪ ಉಬ್ಬಿರುತ್ತೆ, ಬೂದುಬಣ್ಣದ ಲೋಹದ ಮಿನುಗು ಇರುತ್ತೆ, ಅಂಚು ಕದಡಿದಂತಿರುತ್ತೆ. ಸರದಾರನ ಕೊರಳ ಮುತ್ತುಗಳು ಹೇಗಿವೆ ನೋಡಿ. ಅವೂ ಬೂದಾಗಿದ್ದರೆ ಅನುಮಾನವೇ ಬೇಡ. ಖಚಿತ ಬೇಕಿದ್ದರೆ ಹಾಳೆ ಮುಟ್ಟದೆ ಎಕ್ಸ್‌ಕಿರಣ ಪ್ರತಿದೀಪ್ತಿಯಲ್ಲಿ ಸೀಸ ಪತ್ತೆ ಮಾಡಿಸಬಹುದು.

ಒಂದು ಎಚ್ಚರಿಕೆ. ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿದರೆ ಆ ಕಪ್ಪು ಸೀಸದ ಸಲ್ಫೇಟ್ ಆಗಿ ಬಿಳಿಗೆ ತಿರುಗುತ್ತೆ ಅನ್ನೋದು ನಿಜ. ಆದರೆ ಅದು ಪ್ರಯೋಗಾಲಯದ ಕೆಲಸ. ದ್ರವ ನೇರ ಬಿದ್ದರೆ ಗೋಂದು ಕರಗಿ ಪಕ್ಕದ ಕಂದು ಗರಿಯ ಬಣ್ಣವೆಲ್ಲ ಎದ್ದುಬರುತ್ತೆ. ಮನೆಯಲ್ಲಿ ಯಾರೂ ಮಾಡಬೇಡಿ.

ಪಟದ ಹುಡುಕಾಟ
ಮುತ್ತುಗಳು ಬೂದು! ಕಬ್ಬಿಣದ ಗುಂಡಿನ ಸರ ಅಂತ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ.

ಕಾಗದ ಸಂರಕ್ಷಣೆ
ಅವು ಮುತ್ತೇ. ಮೊಘಲ್ ಕಾರ್ಖಾನೆಯಲ್ಲಿ, ಅಂದರೆ ಚಿತ್ರಶಾಲೆಯಲ್ಲಿ, ಮುತ್ತನ್ನು ಸಫೇದಾದ ದಪ್ಪ ಹನಿಯಿಟ್ಟು ಉಬ್ಬಾಗಿ ಮಾಡುತ್ತಿದ್ದರು. ಬೆರಳಿಗೆ ಸಿಗುವಷ್ಟು ಉಬ್ಬು. ಬೆರಳಿಟ್ಟು ನೋಡಬೇಡಿ ಮತ್ತೆ.

ಆಯಿನೆ ಓದುಗ
ಕಣ್ಣಿನ ಮೇಲೆ ಹಕ್ಕಿಗಳನ್ನು ವಿಂಗಡಿಸೋದು ಇವತ್ತಿನ ಪಕ್ಷಿಶಾಸ್ತ್ರದ ಮಾತಲ್ಲ, ಬಾಜ್‌ನಾಮಾ ಅನ್ನೋ ಬೇಟೆಹಕ್ಕಿ ಪುಸ್ತಕಗಳ ಕಾಲದಿಂದ ಬಂದದ್ದು. ಗುಲಾಬ್‌ಚಶ್ಮ್ ಅಂದರೆ ಹಳದಿಗಣ್ಣು, ಸಿಯಾಹ್‌ಚಶ್ಮ್ ಅಂದರೆ ಕರಿಗಣ್ಣು. ಹೆಸರುಗಳಲ್ಲಿ ಎಚ್ಚರ ಬೇಕು, ಏಕೆಂದರೆ ಗಂಡು ಹೆಣ್ಣಿಗೆ ಬೇರೆ ಬೇರೆ ಹೆಸರು. ಬಾಜ್ ಅಂದರೆ ಹೆಣ್ಣು, ಅದರ ಗಂಡು ಜುರ್ರಾ. ಬಾಶಾ ಹೆಣ್ಣು, ಬಾಶೀನ್ ಗಂಡು. ಶಿಕ್ರಾ ಹೆಣ್ಣು, ಚಿಪಕ್ ಗಂಡು. ಲಗ್ಗರ್ ಹೆಣ್ಣು, ಝಗ್ಗರ್ ಗಂಡು. ಬೇಟೆಹಕ್ಕಿಗಳಲ್ಲಿ ಹೆಣ್ಣೇ ದೊಡ್ಡದು, ಹಾಗಾಗಿ ಮೂಲ ಹೆಸರು ಹೆಣ್ಣಿನದು. ಬರೀ ‘ಗಿಡುಗ’ ಅಂತ ಅಡಿಬರಹ ಹಾಕಿದರೆ ಇಷ್ಟೂ ಮಾಹಿತಿ ಮಣ್ಣುಪಾಲು.

ಎದೆಯ ಗೀಟು ಉದ್ದುದ್ದ ಅಂದಿರಿ. ಹಾಗಿದ್ದರೆ ಅದು ಚೂಜ್, ಅಂದರೆ ಒಂದು ಸಲವೂ ಗರಿ ಉದುರಿಸದ ಮೊದಲ ವರ್ಷದ ಹಕ್ಕಿ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ಹಕ್ಕಿಗಳ ಬೆಲೆ ನಿಗದಿ ಮಾಡುವಾಗ ಮೂರು ದರ್ಜೆ ಹೇಳುತ್ತಾನೆ. ಪಳಗಿಸುವವರ ಮನೆಯಲ್ಲೇ ಗರಿ ಉದುರಿಸಿ ಹೊಸ ಗರಿ ಪಡೆದದ್ದು ಖಾನಾಕುರೀಜ್. ಇನ್ನೂ ಉದುರಿಸದ್ದು ಚೂಜ್. ಹಿಡಿಯುವ ಮೊದಲೇ ಕಾಡಿನಲ್ಲಿ ಉದುರಿಸಿದ್ದು ತರೀನಾಕ್. ಕೊಳ್ಳುವವರು ಆಸೆಗೆ ಬಿದ್ದು, ತಿಳಿವಳಿಕೆ ಇಲ್ಲದೆ ಹೆಚ್ಚು ಹಣ ಕೊಡುತ್ತಿದ್ದಾರೆ, ಮಾರುವವನಿಗೂ ಲಾಭ ಬರಲಿ, ಕೊಳ್ಳುವವನೂ ಮೋಸಹೋಗದಿರಲಿ ಅಂತ ಅಕ್ಬರ್ ಬೆಲೆಗೆ ಮಿತಿ ಹಾಕಿದ.

ಗರಿಎಣಿಕೆ
ಇದು ಚಿತ್ರದಲ್ಲೇ ಓದಿಕೊಳ್ಳಬಹುದಾದ ವಿಷಯ. ಚೂಜ್ ಬಾಜ್‌ಗೆ ಮೈ ಕಂದು, ಎದೆಯಲ್ಲಿ ಹನಿ ಇಳಿದಂಥ ಉದ್ದ ಗೀಟು, ಕಣ್ಣು ತಿಳಿಹಳದಿ. ಗರಿ ಉದುರಿಸಿ ಬೆಳೆದದ್ದಕ್ಕೆ ಬೆನ್ನು ಬೂದು, ಎದೆ ತುಂಬ ಸಣ್ಣ ಅಡ್ಡಗೆರೆ, ಕಣ್ಣು ಕಿತ್ತಳೆಗೆ, ವಯಸ್ಸಾದಂತೆ ಕೆಂಪಿಗೆ ತಿರುಗುತ್ತೆ. ಆದರೆ ಖಾನಾಕುರೀಜ್ ಮತ್ತು ತರೀನಾಕ್ ಎರಡನ್ನೂ ಬಣ್ಣದಿಂದ ಬೇರೆ ಮಾಡೋಕಾಗಲ್ಲ, ಎರಡೂ ಬೆಳೆದ ಹಕ್ಕಿಯೇ.

ಮಸಿಕುಡಿಕೆ
ಹಳದಿಗೆ ಅರಿದಾಳ (ಆರ್ಸೆನಿಕ್‌ನ ಹಳದಿ) ಬಳಸಿದ್ದರೆ ಬೆಳಕಿಗೆ ಬಿಳಿಚಿಕೊಳ್ಳುತ್ತೆ. ಮೂಲದಲ್ಲಿ ಕಿತ್ತಳೆ ಇದ್ದು ಈಗ ತಿಳಿಹಳದಿ ಆಗಿರಬಹುದಲ್ಲ? ಕಣ್ಣಿನ ಬಣ್ಣದ ಮೇಲೆ ವಯಸ್ಸು ಹೇಳೋದು ಅಪಾಯ.

ಗರಿಎಣಿಕೆ
ಒಪ್ಪಿದೆ. ಅದಕ್ಕೇ ಎದೆಯ ಗೀಟನ್ನು ಮೊದಲು ನೋಡೋದು. ಗೀಟಿನ ದಿಕ್ಕು ಬಿಸಿಲಿಗೆ ಬದಲಾಗಲ್ಲ.

ವಿಜಾಪುರದವ
ಎಲ್ಲಾರೂ ಹಕ್ಕಿ ಬೆನ್ನ ಹತ್ತೀರಿ, ಎಡಗೈ ಪ್ರಶ್ನೆ ಹಂಗ ಉಳೀತಲ್ರಿ. ಕುದುರಿ ಮ್ಯಾಲೆ ಎಡಗೈಯಾಗ ಲಗಾಮು, ಬಲಗೈ ಮ್ಯಾಲೆ ಹಕ್ಕಿ, ಇದು ಇರಾನ್, ಹಿಂದುಸ್ತಾನದ ಪದ್ಧತಿ. ಯುರೋಪಿನವರದ್ದು ಎಡಗೈ. ಆದ್ರ ಎಡಗೈ ಮ್ಯಾಲೆ ಹಕ್ಕಿ ಇರೋ ಮೊಘಲ್ ಚಿತ್ರ ಬೇಕಾದಷ್ಟು ಅದಾವ. ಎಡಗೈ ಅಂದಕೂಡ್ಲೆ ತಪ್ಪು ಅನಬ್ಯಾಡ್ರಿ.

ಕುಂಚದ ತುದಿ
ನನ್ನ ಅನುಮಾನ ಬೇರೆ: ಇದು ಮಗುಚಿದ ಚರ್ಬಾದಿಂದ ತೆಗೆದ ನಕಲು.

ಚರ್ಬಾ ಗೊತ್ತಿಲ್ಲದವರಿಗೆ: ಜಿಂಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಕೆರೆದು ಹದ ಮಾಡಿ, ಮೂಲಚಿತ್ರದ ಮೇಲಿಟ್ಟು, ಹೊರಗೆರೆಯನ್ನು ನಕಲಿಸಿಕೊಳ್ಳೋದು. ಆಮೇಲೆ ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು. ಅದನ್ನು ಹೊಸ ಹಾಳೆ ಮೇಲಿಟ್ಟು, ನುಣ್ಣಗೆ ಅರೆದ ಇದ್ದಿಲಪುಡಿಯನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಮೇಲಿಂದ ಮೆಲ್ಲಗೆ ತಟ್ಟಿದರೆ ಕೆಳಗೆ ಚುಕ್ಕಿಚುಕ್ಕಿ ಗೆರೆ ಬೀಳುತ್ತೆ. ಇದು ಖಾಕಾ. ಉಜ್ಜಬಾರದು, ತಟ್ಟಬೇಕು. ಉಜ್ಜಿದರೆ ಪುಡಿ ತೂತಿನ ಕೆಳಗೆ ಹರಡಿ ಒಂದು ಚುಕ್ಕಿ ಎರಡಾಗುತ್ತೆ. ಬಹಳ ಸಲ ಬಳಸಿದ ಚರ್ಬಾದ ತೂತು ಮುಚ್ಚಿಕೊಳ್ಳುತ್ತೆ, ಮತ್ತೆ ಚುಚ್ಚುವಾಗ ಸೂಜಿ ಅರ್ಧ ಕೂದಲು ಆಚೀಚೆ ಸರಿಯುತ್ತೆ. ಮೂಗು ಮೊಂಡಾಗೋದು, ಗಲ್ಲ ದಪ್ಪಗಾಗೋದು ಅಲ್ಲೇ. ಮೂರನೇ ತಲೆಮಾರಿನ ನಕಲಿನಲ್ಲಿ ಮುಖ ಊದಿಕೊಂಡಂತೆ ಕಾಣೋದಕ್ಕೆ ಇದೇ ಕಾರಣ.

ತೂತಿಗೆ ಒಳಹೊರಗು ಇಲ್ಲ. ಆಲ್ಬಮ್ಮಿನಲ್ಲಿ ಎದುರುಬದುರು ಪುಟದ ಇಬ್ಬರು ಒಬ್ಬರನ್ನೊಬ್ಬರು ನೋಡುವಂತೆ ಇರಬೇಕು. ಬಲಕ್ಕೆ ನೋಡುವ ಮುಖ ಮಾತ್ರ ಕೈಯಲ್ಲಿದ್ದು ಎಡಕ್ಕೆ ನೋಡುವುದು ಬೇಕಾದರೆ ಚರ್ಬಾ ಮಗುಚಿದರೆ ಮುಗೀತು. ಆಗ ಬಲಗೈಯ ಹಕ್ಕಿ ಎಡಗೈಗೆ ಬರುತ್ತೆ. ಜೊತೆಗೇ ಜಾಮಾದ ಲಾಡಿಯೂ ಬಲಗಂಕುಳಿಂದ ಎಡಗಂಕುಳಿಗೆ ಬರುತ್ತೆ!

ಆಯಿನೆ ಓದುಗ
ಇದು ಮುಖ್ಯ. ಮೊಘಲ್ ಆಸ್ಥಾನದಲ್ಲಿ ಮುಸ್ಲಿಮರು ಜಾಮಾವನ್ನು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುತ್ತಿದ್ದರು. ಎಡಲಾಡಿ ನೋಡಿ ರಜಪೂತ ಅನ್ನೋದು ಸಾಮಾನ್ಯವಾಗಿ ಸರಿಯೇ. ಆದರೆ ಚರ್ಬಾ ಮಗುಚಿದ್ದರೆ ಆ ಗುರುತು ತಲೆಕೆಳಗು. ಅಡಿಬರಹದ ‘ರಜಪೂತ’ವೂ ಬೀಳಬಹುದು.

ವಿಜಾಪುರದವ
ಬೀಳಬಹುದು ಅನ್ನೂದು ಸಾಕಾಗೂದಿಲ್ರಿ. ಎಡಗೈಯಾಗ ಹಕ್ಕಿ ಹಿಡಿದ ರಜಪೂತ ಯಾಕ ಇರಬಾರದು?

ಕುಂಚದ ತುದಿ
ಇರಬಹುದು. ಅದಕ್ಕೇ ಮೂರನೇ ಸಾಕ್ಷಿ ಬೇಕು. ಕತ್ತಿ ಯಾವ ಸೊಂಟದಲ್ಲಿದೆ? ಬಲಗೈಯಲ್ಲಿ ಕತ್ತಿ ಎಳೆಯುವವನಿಗೆ ಒರೆ ಎಡಸೊಂಟದಲ್ಲಿ ನೇತಾಡಬೇಕು, ಅವನು ಯಾವ ಮತದವನಾದರೂ ಸರಿ. ಮಗುಚಿದ ನಕಲಿನಲ್ಲಿ ಅದು ಬಲಸೊಂಟಕ್ಕೆ ಹೋಗಿರುತ್ತೆ.

ಪಟದ ಹುಡುಕಾಟ
ಬಲಸೊಂಟ.

ಕುಂಚದ ತುದಿ
ಲಾಡಿ ಎಡ, ಕತ್ತಿ ಬಲ, ಹಕ್ಕಿ ಎಡ. ಮೂರೂ ಒಟ್ಟಿಗೆ ಅದಲುಬದಲು. ಮಗುಚಿದ ಚರ್ಬಾ ಅನ್ನೋದಕ್ಕೆ ಇದಕ್ಕಿಂತ ಹೆಚ್ಚು ಸಾಕ್ಷಿ ಕೇಳೋದು ಕಷ್ಟ.

ವಿಜಾಪುರದವ
ಹಂಗಾರ ಒಪ್ಪಿದೆ. ಕತ್ತಿ ಮಾತು ಗಟ್ಟಿ ಐತಿ.

ಮಸಿಕುಡಿಕೆ
ನಕಲು ಅಂದಮಾತ್ರಕ್ಕೆ ಕೀಳು ಅಲ್ಲ, ಅದನ್ನೂ ಅಡಿಬರಹದಲ್ಲಿ ಗಮನಿಸಿ. ಮುಖದ ಖಾಕಾವನ್ನು ಕಾರ್ಖಾನೆಯಲ್ಲಿ ಕಾಪಿಟ್ಟು ಮತ್ತೆ ಮತ್ತೆ ಬಳಸೋದು ಅವರ ಕ್ರಮವೇ. ಅಕ್ಬರ್ ತಾನೇ ಕೂತು ತನ್ನ ಚಿತ್ರ ಬರೆಸಿಕೊಂಡ, ರಾಜ್ಯದ ಎಲ್ಲ ಸರದಾರರ ಹೋಲಿಕೆಯನ್ನೂ ತೆಗೆಸಿ ದೊಡ್ಡ ಆಲ್ಬಮ್ ಮಾಡಿಸಿದ ಅಂತ ಅಬುಲ್ ಫಜಲನೇ ಬರೆದಿದ್ದಾನೆ. ಒಮ್ಮೆ ಎದುರು ಕೂರಿಸಿ ಬರೆದ ಮುಖ ಹತ್ತು ದರ್ಬಾರ್ ಚಿತ್ರಗಳಿಗೆ ಬೇಕಾಗುತ್ತಿತ್ತು.

ಕೆಲಸದ ಹಂಚಿಕೆ ನೋಡಿ. ಅಕ್ಬರನ ಕಾಲದ ಹಸ್ತಪ್ರತಿಗಳ ಅಂಚಿನಲ್ಲಿ ತರ್ಹ್ ಇಂಥವನದು, ಅಮಲ್ ಇಂಥವನದು, ಚಿಹರಾನಾಮಿ ಇಂಥವನದು ಅಂತ ಗುಮಾಸ್ತರು ಬರೆದಿಟ್ಟಿದ್ದಾರೆ. ತರ್ಹ್ ಅಂದರೆ ರಚನೆ, ಹೊರಗೆರೆ. ಅಮಲ್ ಅಂದರೆ ಬಣ್ಣ ತುಂಬುವ ಕೆಲಸ. ಚಿಹರಾನಾಮಿ ಅಂದರೆ ಮುಖ. ಸುಮಾರು 1600ರ, ಸಲೀಮ್ (ಮುಂದೆ ಜಹಾಂಗೀರ್) ಸಿಂಹಾಸನದಲ್ಲಿ ಕೂತ ಚಿತ್ರದಲ್ಲೂ ಮನೋಹರ್, ಮನ್ಸೂರ್ ಇಬ್ಬರ ಹೆಸರಿದೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ಮನುಷ್ಯ ಒಬ್ಬನ ಕೈ, ಹಕ್ಕಿ ಇನ್ನೊಬ್ಬನ ಕೈ ಇರಬಹುದು.

ಆಯಿನೆ ಓದುಗ
ಜಹಾಂಗೀರ್ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನಲ್ಲ. ಒಂದು ಚಿತ್ರದಲ್ಲಿ ಹಲವು ಮುಖಗಳಿದ್ದು ಒಂದೊಂದೂ ಒಬ್ಬೊಬ್ಬ ಉಸ್ತಾದನದ್ದಾದರೂ ಯಾವುದು ಯಾರದ್ದು ಅಂತ ತಾನು ಹೇಳಬಲ್ಲೆ; ಒಬ್ಬನ ಮುಖಕ್ಕೆ ಇನ್ನೊಬ್ಬ ಕಣ್ಣು ಹುಬ್ಬು ಬರೆದಿದ್ದರೆ ಅದನ್ನೂ ಗುರುತಿಸಬಲ್ಲೆ ಅಂತ.

ನೀಲಿಕೊಕ್ಕು
ಶುಂಕಾರ್ ಕಥೆ ಯಾರೂ ಹೇಳಲಿಲ್ಲವಲ್ಲ. ಭಾವಚಿತ್ರ ಮತ್ತು ಬೇಟೆಹಕ್ಕಿ ಎರಡೂ ಒಂದೇ ಕಡೆ ಸೇರೋದು ಅಲ್ಲೇ.

ಆಯಿನೆ ಓದುಗ
ಹೇಳಲೇಬೇಕು. 1619. ಇರಾನಿನ ಷಾ ಅಬ್ಬಾಸ್ ಕಳಿಸಿದ ಶುಂಕಾರ್ ಜಹಾಂಗೀರನ ಆಸ್ಥಾನಕ್ಕೆ ಬಂತು. ಉತ್ತರದ ಹಿಮಪ್ರದೇಶದ ಹಕ್ಕಿ, ಈ ಜಾತಿಯಲ್ಲೆಲ್ಲ ದೊಡ್ಡದು. ತಂದವನ ಅಜಾಗರೂಕತೆಯಿಂದ ದಾರಿಯಲ್ಲಿ ಬೆಕ್ಕು ಕಚ್ಚಿ ಗಾಯಗೊಂಡಿತ್ತು, ಆಸ್ಥಾನಕ್ಕೆ ಬಂದಮೇಲೆ ಒಂದು ವಾರಕ್ಕಿಂತ ಹೆಚ್ಚು ಬದುಕಲಿಲ್ಲ. ರೆಕ್ಕೆ, ಬೆನ್ನು, ಪಕ್ಕೆಗಳ ಮೇಲಿದ್ದ ಕಪ್ಪು ಗುರುತುಗಳ ಚೆಲುವನ್ನು ಜಹಾಂಗೀರ್ ಮನಸಾರೆ ವರ್ಣಿಸಿ, ನಾದಿರ್ ಅಲ್ ಅಸ್ರ್ ಬಿರುದಿನ ಉಸ್ತಾದ್ ಮನ್ಸೂರನಿಗೆ ಇದರ ಹೋಲಿಕೆ ಬರೆದು ಉಳಿಸು ಅಂತ ಆಜ್ಞೆ ಕೊಟ್ಟ. ಮನ್ಸೂರನ ಹೆಸರಿರುವ ಬೇಟೆಹಕ್ಕಿಯ ಚಿತ್ರವೊಂದು ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ.

ಖಾನ್ ಆಲಂನ ರಾಯಭಾರದ ಜೊತೆ 1613ರಲ್ಲಿ ಚಿತ್ರಕಾರ ಬಿಶನ್‌ದಾಸನನ್ನು ಇರಾನಿಗೆ ಕಳಿಸಿದ್ದು ಷಾ ಅಬ್ಬಾಸನ ಮತ್ತು ಅವನ ಸರದಾರರ ಮುಖ ಬರೆದು ತರಲು. ಮುಖ ಬರೆಯುವುದರಲ್ಲಿ ಅವನಿಗೆ ಸಾಟಿಯಿಲ್ಲ ಅಂತ ಜಹಾಂಗೀರನ ಮಾತು. 1620ರಲ್ಲಿ ಹಿಂದಿರುಗಿದಾಗ ಬಹುಮಾನವಾಗಿ ಆನೆ ಸಿಕ್ಕಿತು. ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯಲ್ಲಿರುವ, ಜಹಾಂಗೀರ್ ಷಾ ಅಬ್ಬಾಸನನ್ನು ಸತ್ಕರಿಸುವ ಚಿತ್ರ ನೋಡಿ. ಇಬ್ಬರೂ ಜೀವನದಲ್ಲಿ ಭೇಟಿಯಾದವರೇ ಅಲ್ಲ. ಆದರೂ ಷಾನ ಮುಖ ನಿಂತಿರೋದು ಕಣ್ಣಾರೆ ಕಂಡು ತಂದ ಹೋಲಿಕೆಯ ಬಲದ ಮೇಲೆ. ಪಕ್ಕದಲ್ಲಿ ನಿಂತ ಖಾನ್ ಆಲಂನ ಕೈ ಮೇಲೆ ಹಕ್ಕಿ! ರಾಜರಿಬ್ಬರ ನಡುವಿನ ಉಡುಗೊರೆಯ ಮಾತು ಅಷ್ಟರಲ್ಲೇ ಬಂತು.

ಹಳಗನ್ನಡ ಮನೆ
ನಮ್ಮ ಕಡೆಯ ಎಳೆಯೊಂದನ್ನು ಸೇರಿಸುತ್ತೇನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೇ ಶತಮಾನದಲ್ಲೇ, ರಾಜನ ವಿನೋದಗಳಲ್ಲಿ ಶ್ಯೇನವಿನೋದ, ಅಂದರೆ ಪಳಗಿಸಿದ ಹಕ್ಕಿ ಬಿಟ್ಟು ಆಡುವ ಡೇಗೆಬೇಟೆ, ಒಂದು. ಅದೇ ಗ್ರಂಥದ ಚಿತ್ರಭಾಗದಲ್ಲಿ ವಿದ್ಧಚಿತ್ರ ಅನ್ನೋ ಮಾತಿದೆ: ಕನ್ನಡಿಯಲ್ಲಿ ಕಂಡಂತೆ ಹೋಲಿಕೆಯಿರುವ ಚಿತ್ರ. ಭಾವಚಿತ್ರವೂ ಡೇಗೆಬೇಟೆಯೂ ಒಂದೇ ಗ್ರಂಥದಲ್ಲಿ. ಡೇಗೆ ಅನ್ನೋ ಪದವೇ ನಮಗೆ ಮರೆತುಹೋಗಿದೆ, ಎಲ್ಲದಕ್ಕೂ ‘ಹದ್ದು’ ಅಂದುಬಿಡ್ತೇವೆ. ಸಾಳುವ ಅಂದರೂ ಬೇಟೆಯ ಡೇಗೆಯೇ. ವಿಜಯನಗರದ ಸಾಳುವ ನರಸಿಂಹನ ಮನೆತನದ ಹೆಸರು ಅದೇ ಪದ.

ಕರಿಹಲಗೆ
ಅಷ್ಟು ಹಳೇ ಕನ್ನಡ ಗ್ರಂಥದಲ್ಲಿ ಇದೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ.

ಹಳಗನ್ನಡ ಮನೆ
ಸಂಸ್ಕೃತ ಗ್ರಂಥ ಅದು, ಬರೆಸಿದ್ದು ಕನ್ನಡನಾಡಿನ ದೊರೆ. ಅಷ್ಟು ತಿದ್ದಿಕೊಳ್ಳಿ.

ವಿಜಾಪುರದವ
ನಮ್ಮ ಎರಡನೇ ಇಬ್ರಾಹಿಂ ಆದಿಲ್‌ಶಾನ್ನ ಬಿಟ್ರೆ ಹೆಂಗ್ರಿ? 1590ರ ಸುಮಾರಿನ ಚಿತ್ರ, ಕುದುರಿ ಮ್ಯಾಲೆ ಹಕ್ಕಿ ಹಿಡಕೊಂಡು ಹೊಂಟಾನ. ಸೇಂಟ್ ಪೀಟರ್ಸ್‌ಬರ್ಗಿನಾಗ ಐತಿ. ಮತ್ತ ಚಾಂದ್ ಬೀಬಿ ಡೇಗೆಬೇಟೆ ಚಿತ್ರ ದಖನಿ ಕಲೆಯಾಗ ಎಷ್ಟು ಸಲ ಬಂದಾವ! ಆದ್ರ ಒಂದು ಮಾತು ನೆನಪಿಡ್ರಿ, ಅವು ಬಹುತೇಕ ಆಕಿ ಸತ್ತು ನೂರು ವರ್ಷದ ಮ್ಯಾಲಿನವು. ಅಲ್ಲಿ ಮುಖ ಹೋಲಿಕೆ ಅಲ್ಲ, ನೆನಪು.

ಮಸಿಕುಡಿಕೆ
ಪಟದ ಹುಡುಕಾಟ ಅವರೇ, ಕೊರಳ ದಾರದ ಬಗ್ಗೆ ಯಾರೂ ಹೇಳಲಿಲ್ಲ. ಅದು ಅಲಂಕಾರ ಅಂತ ಬರೆದುಬಿಟ್ಟೀರಿ.

ಗರಿಎಣಿಕೆ
ಅಲಂಕಾರ ಅಲ್ಲ. ಹಳದಿಗಣ್ಣಿನ ಹಕ್ಕಿಗಳು ಮೇಲಿಂದ ಎರಗುವವಲ್ಲ, ಮುಷ್ಟಿಯಿಂದಲೇ ನೇರ ಹಾರಿ ಸ್ವಲ್ಪ ದೂರದಲ್ಲೇ ಹಿಡಿಯುವವು. ಮೊದಲ ಐದಾರು ಬಡಿತದ ವೇಗವೇ ಎಲ್ಲ. ಆ ದಾರದ ತುದಿಯನ್ನು ಬೆರಳ ಸಂದಿಯಲ್ಲಿ ಹಿಡಿದಿದ್ದರೆ ಕೈ ಬೀಸಿ ಎಸೆಯುವಾಗ ಹಕ್ಕಿಯ ತಲೆ ಮೈ ಹಿಂದಕ್ಕೆ ವಾಲದೆ ಬೀಸಿದ ವೇಗ ಪೂರ್ತಿ ಅದಕ್ಕೆ ಸಿಗುತ್ತೆ. ಶಿಕ್ರಾವನ್ನಂತೂ ಅಂಗೈಯಲ್ಲಿ ಹಿಡಿದು ಚೆಂಡಿನಂತೆ ಎಸೆಯುತ್ತಿದ್ದರು. ಚಿತ್ರದಲ್ಲಿ ಆ ದಾರ ಕಂಡರೆ ಕುಲಕ್ಕೆ ಅದೂ ಒಂದು ಸಾಕ್ಷಿ.

ಕಾಲಿನ ತೊಗಲಪಟ್ಟಿ, ಗೆಜ್ಜೆಗಳನ್ನೂ ನೋಡಿ. ಎರಡು ಗೆಜ್ಜೆಯ ಸ್ವರ ಒಂದೇ ಇರಬಾರದು, ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ದೂರಕ್ಕೆ ಕೇಳುತ್ತೆ. ಲಾಹೋರಿನ ಗೆಜ್ಜೆಗೆ ಹೊರದೇಶದ ಡೇಗೆಗಾರರಲ್ಲೂ ಹೆಸರಿದೆ. ಹಕ್ಕಿ ಕೂರುವ ಅಡ್ಡೆಗೆ ಮೆತ್ತೆ ಸುತ್ತಿರೋದು ಕೂಡ ಬರೀ ಜರಿಯ ಚೆಂದಕ್ಕಲ್ಲ. ಗಟ್ಟಿ ಮರದ ಮೇಲೆ ದಿನಗಟ್ಟಲೆ ಕೂತರೆ ಅಂಗಾಲು ಬಾತು ಕೀವಾಗಿ ಹಕ್ಕಿ ಬೇಟೆಗೆ ಬಾರದಾಗುತ್ತೆ.

ನೀಲಿಕೊಕ್ಕು
ಆಹಾರದ ಲೆಕ್ಕ ಯಾರಿಗಾದರೂ ಗೊತ್ತಾ? ದಿನಕ್ಕೆ ಒಂದೇ ಹೊತ್ತು ಅಂತಾರಲ್ಲ.

ಆಯಿನೆ ಓದುಗ
ಕಾಶ್ಮೀರದಲ್ಲಿ, ಹವ್ಯಾಸಿಗಳ ಮನೆಯಲ್ಲಿ ಒಂದು ಹೊತ್ತು. ಆಸ್ಥಾನದಲ್ಲಿ ಎರಡು ಹೊತ್ತು ಅನ್ನುತ್ತೆ ‘ಆಯಿನೆ ಅಕ್ಬರಿ’. ಬಾಜ್‌ಗೆ 7 ದಾಮ್ ತೂಕದ ಮಾಂಸ, ಜುರ್ರಾಗೆ 6, ಬಹರಿಗೆ 5, ಬಾಶಾಗೆ 3, ಶಿಕ್ರಾಕ್ಕೆ 2. ದಾಮ್ ಅಂದರೆ ಸುಮಾರು 21 ಗ್ರಾಂ ತೂಗುವ ತಾಮ್ರದ ನಾಣ್ಯ, ಆದ್ದರಿಂದ ಬಾಜ್‌ಗೆ ಹತ್ತಿರಹತ್ತಿರ 147 ಗ್ರಾಂ. ಸಂಜೆಗೆ ಗುಬ್ಬಚ್ಚಿ: ಬಾಜ್, ಜುರ್ರಾ, ಬಹರಿಗೆ ಏಳೇಳು, ಬಾಶಾಗೆ ಮೂರು. ಶುಂಕಾರ್‌ಗೆ ಒಂದು ಸೇರು, ಅಂದರೆ 30 ದಾಮ್.

ಗರಿಎಣಿಕೆ
ಈ ಲೆಕ್ಕವನ್ನು ಹಕ್ಕಿಯ ಹೊಟ್ಟೆಯ ಲೆಕ್ಕ ಅಂತ ಓದಬೇಡಿ, ಖಜಾನೆಯ ಲೆಕ್ಕ ಅಂತ ಓದಿ. 147 ಗ್ರಾಂ ಮಾಂಸದ ಮೇಲೆ ಏಳು ಗುಬ್ಬಚ್ಚಿ ತಿಂದ ಬಾಜ್ ಮಾರನೇ ದಿನ ಬೇಟೆಗೆ ಬಿಟ್ಟರೆ ಮರ ಹತ್ತಿ ಕೂರುತ್ತೆ, ಕರೆದರೂ ಬರಲ್ಲ. ಹದ ನೋಡೋದು ಎದೆಮೂಳೆ ತಡವಿ. ಮೂಳೆ ಚೂಪಾಗಿ ಬೆರಳಿಗೆ ಚುಚ್ಚಿದರೆ ಬಡಕಲು, ಸಿಗದೇ ಹೋದರೆ ಕೊಬ್ಬು. ಕೊಬ್ಬಿದ್ದಕ್ಕೆ ನೀರಲ್ಲಿ ನೆನೆಸಿ ಹಿಂಡಿ ಸತ್ವ ತೆಗೆದ ಮಾಂಸ ಕೊಡ್ತಿದ್ದರು: ಹೊಟ್ಟೆ ತುಂಬುತ್ತೆ, ಮೈ ಇಳಿಯುತ್ತೆ. ಗುಬ್ಬಚ್ಚಿಯನ್ನು ಗರಿಸಮೇತ ಕೊಡೋದಕ್ಕೂ ಕಾರಣವಿದೆ. ಜೀರ್ಣವಾಗದ ಗರಿ ಉಂಡೆಕಟ್ಟಿ ಬೆಳಿಗ್ಗೆ ಬಾಯಿಂದ ಹೊರಬೀಳುತ್ತೆ, ಒಳಗನ್ನೂ ಚೊಕ್ಕ ಮಾಡುತ್ತೆ. ಉಂಡೆ ಬೀಳದಿದ್ದರೆ ಅವತ್ತು ಮತ್ತೆ ಆಹಾರ ಕೊಡಬಾರದು.

ಆಯಿನೆ ಓದುಗ
ಖಜಾನೆಯ ಲೆಕ್ಕ ಅನ್ನೋದು ನಿಮ್ಮ ಊಹೆ. ಗರಿ ಉದುರುವ ತಿಂಗಳುಗಳಲ್ಲಿ ಹಕ್ಕಿಗೆ ಹೊಟ್ಟೆತುಂಬ ಬೇಕೇ ಬೇಕು. ಬೇಟೆಯ ಮೈದಾನದಲ್ಲಿ ಹಿಡಿದದ್ದನ್ನೇ ತಿನ್ನಿಸುತ್ತಿದ್ದರು ಅಂತಲೂ ಅಲ್ಲೇ ಇದೆ, ಅಂದರೆ ಈ ಪಟ್ಟಿ ಬೇಟೆಯಿಲ್ಲದ ದಿನಗಳದ್ದು.

ಗರಿಎಣಿಕೆ
ಅದು ಸರಿ. ಗರಿ ಮೂಡುವಾಗ ಒಂದೇ ದಿನ ಹಸಿವಾದರೂ ಗರಿಯ ಅಡ್ಡಕ್ಕೆ ತೆಳುಗೆರೆ ಬಿದ್ದು ಆಮೇಲೆ ಅಲ್ಲೇ ಮುರಿಯುತ್ತೆ. ಮುರಿದದ್ದಕ್ಕೆ ಹಳೇ ಗರಿಯ ತುಂಡನ್ನು ಎರಡೂ ಕಡೆ ಚೂಪಾದ ಸೂಜಿಯಿಂದ ಬೆಸೆಯೋದು. ಸೂಜಿಯನ್ನು ಉಪ್ಪುನೀರಲ್ಲೋ ವಿನಿಗರ್‌ನಲ್ಲೋ ಅದ್ದಿದ್ದರೆ ತುಕ್ಕು ಹಿಡಿದು ಒಳಗೇ ಕಚ್ಚಿಕೊಳ್ಳುತ್ತೆ.

ಹೊಸಬಳು
ಶಿಕ್ರಾ ನಮ್ಮ ಊರುಗಳಲ್ಲೂ ಇದೆಯಲ್ಲ, ಯಾರಾದರೂ ಈಗ ಸಾಕಬಹುದಾ?

ನೀಲಿಕೊಕ್ಕು
ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯೋದು, ಸಾಕೋದು ಅಪರಾಧ. ಡೇಗೆಬೇಟೆ 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿದಾಗಲೂ ಅದರಲ್ಲಿ ಭಾರತ ಇರಲಿಲ್ಲ. ದುರ್ಬೀನಿನಲ್ಲಿ ನೋಡಿ, ಬಿಡಿಸಿ. ಅಷ್ಟು ಸಾಕು.

ಹೊಸಬಳು
ಬಿಡಿಸೋದಾದರೆ ಗರಿ ಯಾವ ಕ್ರಮದಲ್ಲಿ? ನುಣ್ಣಗೆ ಬರ್ತಿಲ್ಲ.

ಕುಂಚದ ತುದಿ
ನುಣುಪು ಬಣ್ಣದಿಂದ ಬರಲ್ಲ, ಹಾಳೆಯಿಂದ ಬರುತ್ತೆ. ವಸ್ಲಿ ಮೊದಲು. ಮೂರು ನಾಲ್ಕು ತೆಳುಹಾಳೆಗಳನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಬರಲ್ಲ. ನಡುವಿಂದ ಹೊರಕ್ಕೆ ಒತ್ತಿ ಗಾಳಿ ಓಡಿಸಿ, ಇಲ್ಲದಿದ್ದರೆ ಉಜ್ಜುವಾಗ ಗುಳ್ಳೆ ಹರಿಯುತ್ತೆ. ಭಾರದಡಿ ಒಣಗಿಸಿ, ಅಕೀಕ್ ಕಲ್ಲಿನಿಂದ ಹೊಳಪು ಬರುವ ತನಕ ಉಜ್ಜಿ.

ಆಮೇಲೆ ಕಾವಿಯಿಂದ ಹೊರಗೆರೆ, ಅದರ ಮೇಲೆ ಕೆಳಗೆರೆ ಕಾಣುವಷ್ಟು ತೆಳುವಾಗಿ ಬಿಳಿ. ಹಕ್ಕಿಯ ಮೈಗೆ ಒಂದೇ ತಿಳಿಕಂದು ಬಣ್ಣ, ಗೋಂದು ಹಿತಮಿತವಾಗಿ. ಗೋಂದು ಹೆಚ್ಚಾದರೆ ಒಣಗಿ ಬಿರುಕು, ಕಡಿಮೆಯಾದರೆ ಪುಡಿ ಉದುರುತ್ತೆ. ಒಣಗಿದ ಮೇಲೆ ಹಾಳೆಯನ್ನು ಬೋರಲು ಹಾಕಿ ಹಿಂಬದಿಯಿಂದ ಉಜ್ಜಿ. ಹೊಸಬರು ಬಿಡೋದು ಈ ಹೆಜ್ಜೆಯನ್ನೇ. ಎರಡು ಮೂರು ಪದರ, ಪ್ರತಿ ಸಲವೂ ಉಜ್ಜಿ. ಆಗ ಬಣ್ಣ ಕಾಗದದೊಳಗೆ ಕೂತು ದಂತದಂತೆ ಆಗುತ್ತೆ.

ಇನ್ನು ಗರಿ. ಮೊದಲು ಗರಿಗಳ ಗುಂಪು ಬೇರೆ ಮಾಡಿ, ಒಂದೊಂದೇ ಗರಿ ಬರೆಯಲು ಹೋಗಬೇಡಿ. ಬಾಲದಲ್ಲಿ ಹನ್ನೆರಡು ಗರಿ, ಮಡಚಿದಾಗ ಮೇಲೆ ಕಾಣೋದು ನಡುವಿನ ಎರಡು. ಅಡ್ಡಪಟ್ಟೆ, ಗೀಟು ಹಾಕಿ, ಆಮೇಲೆ ಪರ್ದಾಜ್: ಗರಿ ಬೆಳೆಯುವ ದಿಕ್ಕಿನಲ್ಲೇ ಕೂದಲೆಳೆಯಂಥ ಸಣ್ಣ ಸಣ್ಣ ಗೆರೆ. ಕುಂಚ ಅರೆ ಒಣಗಿರಬೇಕು, ತುದಿಯಲ್ಲಿ ಬಣ್ಣ ಹನಿ ನಿಂತರೆ ಗೆರೆ ಚುಕ್ಕಿಯಾಗುತ್ತೆ. ಒಂದೇ ಕೂದಲಿನ ಕುಂಚ ಅನ್ನೋದು ಕಟ್ಟುಮಾತು, ಒಂದು ಕೂದಲು ಬಣ್ಣ ಹಿಡಿಯೋದೇ ಇಲ್ಲ. ಅಳಿಲಿನ ಬಾಲದ ಕೂದಲನ್ನು ಗರಿಯ ದಂಟಿಗೆ ಸಿಕ್ಕಿಸಿ, ತುದಿ ಒಂದೇ ಕೂದಲಿಗೆ ಮುಗಿಯುವಂತೆ ಕಟ್ಟುತ್ತಿದ್ದರು. ಈಗ ಅಂಗಡಿಯ ನೈಲಾನ್ ಕುಂಚದಲ್ಲೇ ಶುರುಮಾಡಿ.

ಕಾಗದ ಸಂರಕ್ಷಣೆ
ಬಿಳಿಗೆ ಟೈಟಾನಿಯಂ ಬಳಸಿ, ಸೀಸ ಬೇಡ: ವಿಷವೂ ಹೌದು, ಮೇಲೆ ಹೇಳಿದಂತೆ ಕಪ್ಪೂ ಆಗುತ್ತೆ. ಹಿನ್ನೆಲೆಯ ಹಸಿರಿಗೆ ಜಂಗಾಲ್, ಅಂದರೆ ತಾಮ್ರದ ಕಿಲುಬು ಬೇಡವೇ ಬೇಡ. ಕಾಗದವನ್ನೇ ತಿಂದು ಹಿಂದಿನಿಂದ ಕಂದು ಕಲೆ ಬರುತ್ತೆ.

ನೀಲಿಕೊಕ್ಕು
ಶುಂಕಾರ್ ಬಗ್ಗೆ ಇನ್ನೊಂದು. ಬಾಬರನ ತಂದೆ ಉಮರ್ ಶೇಖ್ 1494ರಲ್ಲಿ ಪಾರಿವಾಳದ ಗೂಡುಮನೆ ಕುಸಿದು ತೀರಿಕೊಂಡಾಗ, ಪಾರಿವಾಳಗಳ ಜೊತೆ ಹಾರಿ ಶುಂಕಾರ್ ಆದರು ಅಂತ ಬಾಬರ್ ಬರೆದಿದ್ದಾನೆ. ಸಾವಿಗೆ ಎಂಥ ಮಾತು.

ಪಟದ ಹುಡುಕಾಟ
ಎಲ್ಲರಿಗೂ ವಂದನೆ. ಈಗ ಹೀಗೆ ಬರೆದಿದ್ದೇನೆ: “ಬಾಜ್ ಹಿಡಿದ ಸರದಾರ. ಹಕ್ಕಿ ಗರಿ ಉದುರಿಸದ ಚೂಜ್. ಮಗುಚಿದ ಚರ್ಬಾದಿಂದ ತೆಗೆದ ನಕಲು. ಮೂಲದಲ್ಲಿ ಹಕ್ಕಿ ಬಲಗೈ ಮೇಲೆ. ಹಕ್ಕಿಯ ಹುಬ್ಬು, ಮುತ್ತುಗಳ ಸಫೇದಾ ಕಪ್ಪಾಗಿದೆ.” ‘ರಜಪೂತ’ ತೆಗೆದೆ.

ಗರಿಎಣಿಕೆ
ಬಾಜ್ ಅಂದರೆ ಹೆಣ್ಣು ಅಂತ ಆಯ್ತಲ್ಲ, ಅಳತೆ ನೋಡಿದಿರಾ? ಹೆಣ್ಣಾದರೆ ತಲೆಯಿಂದ ಬಾಲಕ್ಕೆ ಸುಮಾರು 60 ಸೆಂಟಿಮೀಟರ್, ಸರದಾರನ ಮೊಣಕೈಯಿಂದ ಬೆರಳತುದಿಯವರೆಗಿನ ಉದ್ದಕ್ಕಿಂತ ಹೆಚ್ಚಿರಬೇಕು. ಅದಕ್ಕಿಂತ ಚಿಕ್ಕದಿದ್ದರೆ ‘ಜುರ್ರಾ’ ಅಂತ ಬರೆಯಬೇಕಾಗುತ್ತೆ.

ಕುಂಚದ ತುದಿ
‘ಜಹಾಂಗೀರನ ಕಾಲ’ವನ್ನೂ ಸದ್ಯಕ್ಕೆ ತೆಗೆದಿಡಿ. ಮೂಲ ಆ ಕಾಲದ್ದು ಅಂದಮಾತ್ರಕ್ಕೆ ನಕಲೂ ಆಗಲೇ ಆಗಿರಬೇಕಿಲ್ಲ. ಬಣ್ಣ ಎದ್ದುಹೋದ ಜಾಗ ಎಲ್ಲಾದರೂ ಇದ್ದರೆ ಓರೆಬೆಳಕಿನಲ್ಲಿ ನೋಡಿ: ಹೊರಗೆರೆಯ ಕೆಳಗೆ ಇದ್ದಿಲ ಚುಕ್ಕಿ ಉಳಿದಿದ್ದರೆ ಆ ಜಾಗದ ಹತ್ತಿರದ ಫೋಟೋ ತೆಗೆದಿಟ್ಟುಕೊಳ್ಳಿ, ಚುಕ್ಕಿಯ ಅಂತರ ಅಳೆಯೋಣ.